ಇಲ್ಲ ಎನ್ನದ ಸರ್ವರ್

ನರಸಿಂಹರಾಜಪುರದ ಆ ಸೈಬರ್ ಕೆಫೆಯಲ್ಲಿ ಯಾವ ವೆಬ್ ವಿಳಾಸವನ್ನು ತಪ್ಪಾಗಿ ಟೈಪ್ ಮಾಡಿದರೂ ಪಾಸ್‌ವರ್ಡ್ ಕೇಳುವ ಒಂದೇ ಪುಟ ತೆರೆಯುತ್ತಿತ್ತು. ರಿಪೇರಿಗೆ ಹೋಗಿದ್ದ ನನಗೆ ಊರಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ಎಲ್ಲೂ ಇಲ್ಲದ ವಿಳಾಸ ಕೊಟ್ಟು ನೋಡೋಣವೆಂದು ನನ್ನ ಹೆಸರಿಗೇ ಡಾಟ್ ಕಾಮ್ ಸೇರಿಸಿದೆ. ವಿಳಾಸ ಹುಡುಕಿಕೊಡುವ ಸರ್ವರ್, ಅದೂ ಇದೆ ಎಂದು ಅದೇ ಪುಟಕ್ಕೆ ಕಳಿಸಿತು.

"ನಮ್ಮೂರವರ ಹಾಗೇ ಮಾರಾಯ್ರೆ, ದಾರಿ ಕೇಳಿದವರಿಗೆ ಗೊತ್ತಿಲ್ಲ ಅನ್ನಲಿಕ್ಕೆ ಸಂಕೋಚ," ಎಂದು ಕೆಫೆಯ ಒಡತಿ ನಕ್ಕರು.

"ಇದು ಸಂಕೋಚ ಅಲ್ಲ, ಕಳ್ಳತನ. ಆ ಪುಟದಲ್ಲಿ ಟೈಪ್ ಮಾಡಿದ ಪಾಸ್‌ವರ್ಡೆಲ್ಲ ಕಳ್ಳರ ಕೈಗೆ ಹೋಗ್ತದೆ. ಎಲ್ಲರಿಗೂ ಪಾಸ್‌ವರ್ಡ್ ಬದಲಿಸಲಿಕ್ಕೆ ಹೇಳಿ," ಎಂದು ರೇಗಿದೆ.

ಆ ಸರ್ವರ್ ತೆಗೆದು, ಕೆಫೆಯ ಕಂಪ್ಯೂಟರ್‌ಗಳನ್ನು ಬೇರೆ ಸರ್ವರ್‌ಗೆ ಬದಲಾಯಿಸಿ, ಮತ್ತೆ ನನ್ನ ಹೆಸರನ್ನೇ ಕೊಟ್ಟೆ. ಅಂಥ ಹೆಸರು ಎಲ್ಲೂ ಇಲ್ಲ ಎಂದಿತು.

ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಊರಲ್ಲಿ ನಾನೂ ಒಬ್ಬ ಇದ್ದೇನೆ ಎಂದು ಒಪ್ಪಿದ್ದು ಆ ಕಳ್ಳ ಸರ್ವರ್ ಒಂದೇ. ಅದನ್ನೂ ನಾನೇ ಕಿತ್ತುಹಾಕಿದ್ದೆ.