ಮಲಗಿಸಬಾರದ ಕಲ್ಲು

ಅಂದು ನಾನು ನಿಂತಿದ್ದ ಜಾಗವನ್ನು ಈಗಲೂ ತೋರಿಸಬಲ್ಲೆ. ಹಿರಿಯೂರಿನ ಹೊರಗೆ, ಹೆದ್ದಾರಿಯ ಪಕ್ಕ, ಈರಣ್ಣನ ತಗಡಿನ ಶೆಡ್ಡು. ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನನಗೂ ಕಲ್ಲಿಗೂ ನಡುವೆ ಒಂದು ಬಕೆಟ್ ನೀರಿತ್ತು. ಇಂದು ಪಕ್ಕದ ಮನೆಯವರು ಅಡುಗೆಮನೆಗೆ ಗ್ರಾನೈಟ್ ಕೊಯ್ಯಿಸುತ್ತಿದ್ದಾರೆ. ಒದ್ದೆ ಕಲ್ಲುಪುಡಿಯ ವಾಸನೆ ಬಂದರೆ ಸಾಕು, ನಾನು ಮತ್ತೆ ಅಲ್ಲೇ ನಿಂತಿರುತ್ತೇನೆ.

ಈರಣ್ಣ ಸಮಾಧಿ ಕಲ್ಲು ಮಾಡುವವನು. ಸುತ್ತಲಿನ ಎಷ್ಟೋ ಹೊಲಗಳ ಅಂಚಿನಲ್ಲಿ ಅವನ ಕಲ್ಲುಗಳಿವೆ. ಆ ಮನೆಗಳ ತಿಥಿಯೂಟಕ್ಕೆ ಅವನಿಗೆ ಹೇಳಿಕೆ ತಪ್ಪುವುದಿಲ್ಲ. ನಾನು ಡ್ರಾಯಿಂಗ್ ಮೇಷ್ಟ್ರು. ಫೋಟೋ ನೋಡಿ ಸತ್ತವರ ಮುಖವನ್ನು ಕಲ್ಲಿನ ಮೇಲೆ ಬರೆದುಕೊಡುತ್ತಿದ್ದೆ, ಅವನು ಕೆತ್ತುತ್ತಿದ್ದ. ಅವನದೊಂದು ಪದ್ಧತಿಯಿತ್ತು. ದೇವರ ವಿಗ್ರಹಕ್ಕೆ ಮಾಡುವ ಹಾಗೆ, ಕಣ್ಣನ್ನು ಮಾತ್ರ ಕೊನೆಗೆ, ಮನೆಯವರ ಎದುರಿನಲ್ಲೇ ತೆರೆಸುತ್ತಿದ್ದ.

ಬಾಗೂರಿನ ಕುರಿಗಾಹಿ ಕರಿಯಣ್ಣ ತೀರಿಕೊಂಡಾಗ ಮನೆಯವರು ಕಳಿಸಿದ ಫೋಟೋದಲ್ಲಿ ಇಬ್ಬರಿದ್ದರು, ಅವನು ಮತ್ತು ಅವನ ತಮ್ಮ. ಒಂದೇ ಬಗೆಯ ರುಮಾಲು, ಒಂದೇ ಮೀಸೆ. ಒಬ್ಬನ ಕೈಯಲ್ಲಿ ಕೋಲು, ಇನ್ನೊಬ್ಬನ ತೋಳಲ್ಲಿ ಕುರಿಮರಿ. ಇಬ್ಬರಲ್ಲಿ ಕರಿಯಣ್ಣ ಯಾರೆಂದು ನಾನು ಕೇಳಲಿಲ್ಲ. ಕುರಿಗಾಹಿಗಳ ಮನೆಗಳಲ್ಲಿ ಕೋಲು ಹಿರಿಯನ ಕೈಯಲ್ಲಿರುತ್ತದೆಂದು ನನಗೆ ಗೊತ್ತಿತ್ತಲ್ಲ! ಗೊತ್ತಿದೆ ಎಂದುಕೊಂಡ ಮೇಲೆ ಮೇಷ್ಟ್ರು ಯಾರನ್ನು ಕೇಳುತ್ತಾನೆ? ಕೋಲು ಹಿಡಿದವನನ್ನೇ ಬರೆದೆ.

ಆ ಸೋಮವಾರ ಕರಿಯಣ್ಣನ ಹೆಂಡತಿ ಸಿದ್ದಮ್ಮ, ತಮ್ಮ ಮಾರಣ್ಣ ಬಂದಿದ್ದರು. ಈರಣ್ಣ ಸಣ್ಣ ಉಳಿಯಿಂದ ಎಡಗಣ್ಣು ತೆರೆಸಿದ, ಆಮೇಲೆ ಬಲಗಣ್ಣು. ಪುಡಿ ಊದಿ, ನೀರು ಚಿಮುಕಿಸಿ ಪಕ್ಕಕ್ಕೆ ಸರಿದ.

ಸಿದ್ದಮ್ಮ ಹತ್ತಿರ ಹೋದವರು ಹಾಗೇ ಹಿಂದಕ್ಕೆ ಬಂದರು. "ಇವ್ರು ನಮ್ಮನೆಯವ್ರಲ್ಲ ಕಣ್ರಿ. ನಮ್ ಮೈದ್ನ."

"ಕೋಲು ಹಿಡಿದವರು ಅಣ್ಣ ಅಲ್ವಾ?" ಎಂದೆ.

"ಅವತ್ತು ಅಣ್ಣ ಮರಿ ಎತ್ಕಂಡಿದ್ದ, ಕೋಲು ನನ್ ಕೈಗೆ ಕೊಟ್ಟಿದ್ದ," ಎಂದು ಮಾರಣ್ಣ ನಕ್ಕ. "ಏನ್ ಮೇಷ್ಟ್ರೇ, ಇಷ್ಟ್ ಬೇಗ ಕಳಿಸಿಬಿಟ್ರಾ ನನ್ನ? ಕುರಿ ಯಾರು ಕಾಯ್ತಾರೆ, ನೀವಾ?"

ಉಳಿದವರು ಯಾರೂ ನಗಲಿಲ್ಲ. "ಮಕಾಡೆ ಹಾಕಾಣ, ಹಿಡ್ಕಳ್ರಿ," ಎಂದ ಈರಣ್ಣ. ಇಬ್ಬರೂ ಕಲ್ಲನ್ನು ಮೆಲ್ಲಗೆ ಬಗ್ಗಿಸಿದೆವು. ಮುಖ ಗೋಣಿಚೀಲಕ್ಕೆ ತಾಗಿತು.

"ಏನಿದು, ಮೋಡ ಆತಾ?" ಎಂದ ಮಾರಣ್ಣ.

ಹೊರಗೆ ಸುಡುಬಿಸಿಲು. ಅವನ ಕಣ್ಣುಗಳು ತೆರೆದೇ ಇದ್ದವು. ಎರಡೂ ಕೈ ಮುಂದೆ ಚಾಚಿ ತಡಕಾಡಿದ. "ಅತ್ಗೆ, ಎಲ್ಲಿದೀಯ? ಏನೂ ಕಾಣ್ತಿಲ್ಲ."

"ಎತ್ರಿ ಅದನ್ನ! ಮೊದ್ಲು ಎತ್ರಿ!" ಸಿದ್ದಮ್ಮ ಕೂಗಿದರು.

ಎತ್ತಿ ನಿಲ್ಲಿಸಿದೆವು. ಮಾರಣ್ಣ ಎರಡು ಸಲ ರೆಪ್ಪೆ ಬಡಿದು, "ಈಗ ಬೆಳಕಾತು," ಎಂದ.

ಹೆದರಿಕೆಗೆ ಕಣ್ಣು ಕತ್ತಲೆ ಬಂದಿರಬೇಕು ಎಂದು ನಾನೇ ಎಲ್ಲರಿಗೂ ಸಮಾಧಾನ ಹೇಳಿದೆ. ಇನ್ನೊಮ್ಮೆ ಮಲಗಿಸಿ ನೋಡೋಣ ಎಂದು ಮಾತ್ರ ಹೇಳಲಿಲ್ಲ. ಕರಿಯಣ್ಣನಿಗೆ ಬೇರೆ ಕಲ್ಲಾಯಿತು. ಅದಕ್ಕೆ ಕಳಿಸಿದ ಹೊಸ ಫೋಟೋದಲ್ಲಿ ಅವನೊಬ್ಬನೇ ಇದ್ದ, ಆದರೂ ಇವನೇನಾ ಎಂದು ಮೂರು ಸಲ ಕೇಳಿದೆ. ಅದೇ ನಾನು ಬರೆದ ಕೊನೆಯ ಮುಖ. ಮಾರಣ್ಣನ ಕಲ್ಲನ್ನು ಈರಣ್ಣ ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಿದ. ನಾನು ಮತ್ತೆ ಆ ಶೆಡ್ಡಿನೊಳಗೆ ಕಾಲಿಡಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಆಚೆ ಬದಿಯ ಸೀಟು ಹಿಡಿಯುತ್ತಿದ್ದೆ.

ಈಗ ರಸ್ತೆ ಅಗಲವಾಗುತ್ತಿದೆ. ನಾಳೆ ಶೆಡ್ಡು ಖಾಲಿ ಮಾಡಬೇಕು. ಕಲ್ಲನ್ನು ಲಾರಿಯಲ್ಲಿ ನಿಲ್ಲಿಸಿಯೇ ಒಯ್ಯಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ಈರಣ್ಣ ಫೋನು ಮಾಡಿದ್ದ. ಈ ಕಲ್ಲುಪುಡಿಯ ವಾಸನೆಯಲ್ಲೇ ಅವನಿಗೆ ತಿರುಗಿ ಫೋನು ಮಾಡಿ, ಬರುತ್ತೇನೆ ಎಂದೆ.

ಅಂದು ಕಂಡವರು ನಾಲ್ವರು. ಸಿದ್ದಮ್ಮ ಈಗಿಲ್ಲ. ಈರಣ್ಣ ಇದ್ದಾನೆ, ನಾನಿದ್ದೇನೆ. ಮಾರಣ್ಣನೂ ಇದ್ದಾನೆ, ಇದನ್ನು ಬರೆಯುವ ಮೊದಲು ಫೋನು ಮಾಡಿ ಕೇಳಿದೆ.

"ಕಾಣ್ತೈತೆ ಮೇಷ್ಟ್ರೇ," ಎಂದ. "ನಾಳೆ ಗಟ್ಟಿಯಾಗಿ ಹಿಡ್ಕಳ್ರಿ."