ಚನಮಲ್ಲಪ್ಪ ನಿನ್ನನ್ನು ನೋಡಲು ಬಂದಿದ್ದ

ಸಿದರಾಯಾ, ನಿನ್ನ ಕಾಲು ಮುರಿದ ಚನಮಲ್ಲಪ್ಪ ಮೂರನೆಯ ದಿನವೇ ನಿನ್ನನ್ನು ನೋಡಲು ವಿಜಯಪುರದ ಆಸ್ಪತ್ರೆಗೆ ಬಂದಿದ್ದ. ಅವನನ್ನು ವಾರ್ಡಿನ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವನು ನಾನು. ಏಳು ವರ್ಷ ಈ ಮಾತನ್ನು ನಿನಗೆ ಹೇಳದೆ ಬದುಕಿದೆ. ನಿನ್ನನ್ನು ಅವನು ಹೊಡೆದದ್ದು ನಂಬಿಕೆಯ ಸಲುವಾಗಿ ಎಂದು ನಮ್ಮ ಕ್ರೈಸ್ತ ಸಭೆಗೆ ಹೇಳಿದವನೂ ನಾನೇ. ಅದು ಸುಳ್ಳು — ನಾನು ತಿಳಿದೇ ಹೇಳಿದ ಸುಳ್ಳು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಗೊತ್ತಿಲ್ಲದವರಿಗೆ ತಿಳಿಯಲಿ.

ನೀನಾಗ ದೀಕ್ಷಾಸ್ನಾನ ಪಡೆದ ಹೊಸತು. ಜಲನಗರದ ನನ್ನ ಮನೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಹೊಸ ವಿಶ್ವಾಸಿಗಳಿಗೆ ಪಾಠ ನಡೆಯುತ್ತಿತ್ತು. ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಮೇಲಾಗಿ ಆಯಿಯ ತೊಡೆಯ ಮೇಲೆ ಕೂತು ಕಥೆ ಕೇಳಿ ಬೆಳೆದವನು. ಜನರನ್ನು ಅಳಿಸುವುದು, ನಗಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಆ ವಾರದ ಪಾಠ — ದೇವರ ಮುಂದೆ ಬರುವ ಮೊದಲು, ಯಾರಿಗೆ ಅನ್ಯಾಯ ಮಾಡಿದ್ದೀರೋ ಅವರ ಮುಂದೆ ಹೋಗಿ ನಿಲ್ಲಬೇಕು. ಎಲ್ಲರೂ ತಲೆ ಆಡಿಸಿ ಚಹಾ ಕುಡಿದು ಹೋದರು. ನೀನೊಬ್ಬ ಉಳಿದೆ.

"ಮಾಸ್ತರ್ರ, ತಿಕೋಟಾದಾಗ ಚನಮಲ್ಲಪ್ಪ ಕಾಕಾನ ತ್ವಾಟದಾಗ ಎರಡು ಸಾಲು ದ್ರಾಕ್ಷಿ ಬಳ್ಳಿ ಬುಡಕ್ಕ ಕಡದಾವ ನಾನರಿ. ಆಳಮಗ ಅಂತ ನಾಕ ಮಂದ್ಯಾಗ ಕಪಾಳಕ್ಕ ಹೊಡದಿದ್ದ, ಆ ಸಿಟ್ಟಿಗಿ. ಅಂವಾ ತನ್ನ ತಮ್ಮನ ಮ್ಯಾಲ ಸಂಶೇ ತಗೊಂಡು, ಅವನ್ನ ಹೆಂಡ್ರು ಮಕ್ಕಳ ಸಮೇತ ಮನಿ ಬಿಟ್ಟ ಹೊರಗ ಹಾಕ್ಯಾನ. ನಾ ಹೋಗಿ ಹೇಳಲೇನ್ರಿ?"

"ಹೇಳು," ಅಂದೆ. "ನಾ ನಿನ್ನ ಮಗ್ಗಲ ನಿಂದರತೀನಿ."

ನಿಲ್ಲಲಿಲ್ಲ.

ತಿಕೋಟಾದಲ್ಲಿ ತೋಟದ ಬಾಯಿಗೆ ಬಂದಾಗ ನಿನ್ನನ್ನು ಇಳಿಸಿ ನಾನು ಸ್ಕೂಟರಿನ ಮೇಲೇ ಕೂತಿದ್ದೆ. "ನೀ ಮುಂದ ನಡಿ, ಗಾಡಿ ಹಚ್ಚಿ ಬರತೀನಿ" ಅಂದೆ. ಸ್ಕೂಟರ್ ನಿಲ್ಲಿಸಲು ಎಷ್ಟು ಹೊತ್ತು ಬೇಕು? ನಾನು ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಮರೆಯಲ್ಲೇ ನಿಂತೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ನೀನು ಕೈ ಮುಗಿದು ಹೇಳಿದೆ. ಚನಮಲ್ಲಪ್ಪ ಮೊದಲು ನಕ್ಕ — ಕುಡಿದು ಬಂದಿದ್ದೀ ಎಂದುಕೊಂಡನೋ ಏನೋ. ಆಮೇಲೆ ಅವನ ಮುಖ...

"ಒಡಹುಟ್ಟಿದಾವನ್ನ ನಾಯಿಗತೆ ಓಡಿಸಿದ್ನಲ್ಲೋ ಲೇ! ಮೂರ ವರ್ಷ ಅವನ ಮಾರಿ ನೋಡಿಲ್ಲೋ!"

ಸಲಿಕೆಯ ಮರದ ಕಾವು ಮೊದಲು ನಿನ್ನ ಮೊಣಕಾಲಿಗೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ. ನೀನು ಬಿದ್ದೆ, ಬಿದ್ದಲ್ಲೇ ಮತ್ತೆ ಕೈ ಮುಗಿದೆ. ಹೊಡೆದವರನ್ನು ತಿರುಗಿ ಹೊಡೆಯಬಾರದು ಎಂದು ನಾನೇ ಕಲಿಸಿದ್ದೆನಲ್ಲ. ಎರಡನೆಯ ಏಟು ದವಡೆಗೆ. ಹಲ್ಲುಗಳು ಮಣ್ಣಿನಲ್ಲಿ ಬಿದ್ದದ್ದನ್ನು ಕಂಡೆ. ಮೂರು, ನಾಲ್ಕು, ಬೆನ್ನಿಗೆ, ಭುಜಕ್ಕೆ... ಅವನೂ ಅಳುತ್ತಿದ್ದ ಸಿದರಾಯಾ, ಅಳುತ್ತಲೇ ಹೊಡೆಯುತ್ತಿದ್ದ. ಕಾವು ಎರಡು ತುಂಡಾದ ಮೇಲೆ ಒದೆಯತೊಡಗಿದ. ಆಳುಗಳು ಓಡಿ ಬಂದು ಅವನನ್ನು ಹಿಡಿದುಕೊಂಡರು. ಅವರು ಹಿಡಿದುಕೊಂಡ ಮೇಲೆ ನಾನು ಮರೆಯಿಂದ ಹೊರಗೆ ಬಂದೆ — ಆಗಷ್ಟೇ ಬಂದವನ ಹಾಗೆ, ಏದುಸಿರು ಬಿಡುತ್ತ.

ಆಸ್ಪತ್ರೆಯಲ್ಲಿ ನಿನ್ನ ದವಡೆಗೆ ತಂತಿ ಬಿಗಿದರು. ತಿಂಗಳುಗಟ್ಟಲೆ ನಿನಗೆ ಮಾತಿಲ್ಲ. ಮಾತೆಲ್ಲ ನನ್ನದೇ. ಸಭೆಯ ಹಿರಿಯರು ಫೋನಿನಲ್ಲಿ ಏನಾಯಿತೆಂದು ಕೇಳಿದರು. ಬಳ್ಳಿಯ ವಿಷಯ ಹೇಳಿದರೆ, ನೀನೆಲ್ಲಿ ನಿಂತಿದ್ದೆ ಮಾಸ್ತರಾ ಎಂದೂ ಕೇಳುತ್ತಿದ್ದರು. "ವಿಶ್ವಾಸದ ಸಲುವಾಗಿ ಹೊಡದಾರ್ರಿ" ಅಂದೆ. ಒಂದೇ ಮಾತು. ಮರುದಿನ ಬೇರೆ ಊರುಗಳಿಂದಲೂ ಜನ ಬಂದರು, ನಿನ್ನ ಮಂಚದ ಸುತ್ತ ಹಾಡಿದರು, ಫೋಟೋ ತೆಗೆದರು. ಇಂಥ ಶಿಷ್ಯನನ್ನು ತಯಾರು ಮಾಡಿದ್ದೀರಿ ಎಂದು ನನ್ನ ಕೈ ಕುಲುಕಿದರು. ಆ ಏಟುಗಳ ಸಪ್ಪಳವನ್ನೂ ನಾನು ಬಣ್ಣಿಸಿ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಹೆಂಗಸರು ಅತ್ತರು.

ಮೂರನೆಯ ದಿನ ಮಧ್ಯಾಹ್ನ ಚನಮಲ್ಲಪ್ಪ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

"ಒಂದ ಸಲ ಒಳಗ ಬಿಡ್ರಿ. ಅವನ ಕೈ ಹಿಡಕೋಬೇಕ್ರಿ ನಾ. ನಿನ್ನಿ ತೊರವಿಗಿ ಹೋಗಿ ತಮ್ಮನ್ನ ಕರಕೊಂಡ ಬಂದೇನ್ರಿ. ಇಂವಾ ಬಂದು ಹೇಳಿರಲಿಲ್ಲಂದ್ರ ಸಾಯೂತನಾ ನಾವು ಒಬ್ಬರ ಮಾರಿ ಒಬ್ಬರು ನೋಡತಿರಲಿಲ್ರಿ. ಅಂಥಾವನ್ನ ನಾ ದನಾ ಬಡದಂಗ ಬಡದೆ..."

ಒಳಗೆ ಹಾಡು ನಡೆದಿತ್ತು. ಅವನು ಒಳಗೆ ಬಂದು ಇದೇ ಮಾತನ್ನು ಎಲ್ಲರ ಮುಂದೆ ಆಡಿದ್ದರೆ —

"ನಿಮ್ಮ ಮಾರಿ ನೋಡೂದಿಲ್ಲ ಅಂತ ಕೈಸನ್ನಿ ಮಾಡಿ ಹೇಳ್ಯಾನ ಅಂವಾ," ಅಂದೆ. "ಮತ್ತ ಬರಬ್ಯಾಡ್ರಿ."

ಅವನು ಜಗಳಕ್ಕೆ ನಿಲ್ಲಲಿಲ್ಲ. "ಹೌದ್ರಿ, ಅದೂ ಬರೊಬ್ಬರಿನ ಐತಿ" ಅಂದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ನಾನು ಒಳಗೆ ಹೋಗಿ ಹಾಡಿಗೆ ದನಿ ಕೂಡಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಕಥೆ ತಿಕೋಟಾ ಮುಟ್ಟಿತು. ನೀನಿನ್ನೂ ಹಾಸಿಗೆಯಲ್ಲಿದ್ದಾಗ, ಬಬಲೇಶ್ವರದ ವಿಶ್ವಾಸಿ ಶಾಂತವ್ವನ ಮನೆಯಲ್ಲಿ ನಾನು ಪಾಠ ಹೇಳುತ್ತಿದ್ದ ಹೊತ್ತಿಗೆ ಚನಮಲ್ಲಪ್ಪನ ಮಕ್ಕಳು ಗೆಳೆಯರೊಂದಿಗೆ ನುಗ್ಗಿದರು. ಬಾಗಿಲು ಒದ್ದರು, ಗಂಡಸರನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. "ನಮ್ಮಪ್ಪ ಧರ್ಮದ ಸಲುವಾಗಿ ಹೊಡದಾನಂತ ಊರೂರು ಸಾರತೀರೇನ್ಲೇ? ಬಳ್ಳಿ ಕಡದಾವ ಯಾರ, ಅದನ್ನ ಹೇಳ್ರಲೇ ಮೊದಲ!" ನನ್ನ ತಲೆಗೆ ಬರುತ್ತಿದ್ದ ಬಡಿಗೆಗೆ ಶಾಂತವ್ವ ಕೈ ಅಡ್ಡ ಕೊಟ್ಟಳು. ಎಪ್ಪತ್ತರ ಮುದುಕಿ. ಮಣಿಕಟ್ಟು ಲಟಕ್ಕೆಂದಿತು.

ಅವರು ಹೋದ ಮೇಲೆ, ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವಳು ಕೇಳಿದಳು: "ಯಾ ಬಳ್ಳಿರೀ, ಮಾಸ್ತರ್ರ?"

"ಏನರೆ ಸುಳ್ಳ ಒದರತಾವ ಬೇ," ಅಂದೆ.

ನೀನು ಮಾತಾಡುವಂತಾದ ಮೇಲೆ ನೀನೂ ಕೇಳಿದೆ — "ಖರೇದ್ದು ಹೇಳೂಣಲ್ರಿ?" ಈಗ ಹೇಳಿದರೆ ಸಭೆಗೆ ಕೆಟ್ಟ ಹೆಸರು ಎಂದು ನಿನ್ನ ಬಾಯಿ ಮುಚ್ಚಿಸಿದೆ. ವೈದ್ಯರು ಆ ತಂತಿಯನ್ನು ಎಂದೋ ಬಿಚ್ಚಿದ್ದರು.

ಈಗ ನೀನು ಕುಂಟುತ್ತ ಬಬಲೇಶ್ವರದ ಕೂಟಕ್ಕೆ ಬರುತ್ತೀ. ಪ್ರತಿ ಭಾನುವಾರ ಅದೇ ಪ್ರಾರ್ಥನೆ: "ಯಪ್ಪಾ, ಚನಮಲ್ಲಪ್ಪ ಕಾಕಾನ ಮನಸ ಕರಗಸು. ಸಾಯೂದರಾಗ ಒಮ್ಮಿ ನನ್ನ ಮಾರಿ ನೋಡಲಿ." ನೀನು ಅದನ್ನು ಬೇಡುತ್ತೀ, ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಆಮೆನ್ ಅನ್ನುತ್ತೇನೆ. ಏಳು ವರ್ಷ. ಕರಗಿದ ಮನಸ್ಸನ್ನು ನಾನು ಮೆಟ್ಟಿಲಿನಿಂದ ಇಳಿಸಿ ಕಳಿಸಿದ್ದೆ ಎಂದು ಗೊತ್ತಿದ್ದೂ.

ಅಂಜಿಕೆಯಿಂದ ಮಾಡಿದೆ ಎಂದು ಬರೆಯಬಹುದು. ಆದರೆ ಅಂಜಿಕೆ ಒಂದು ದಿನದ್ದು. ಉಳಿದ ಏಳು ವರ್ಷ ನನಗೆ ಜನ ಕೈ ಕುಲುಕುತ್ತಿದ್ದದ್ದು ರುಚಿಸಿತ್ತು.

ಹೊಸಬರ ಪಾಠ ಬಿಟ್ಟಿದ್ದೇನೆ. ನಿನಗೆ ಓದು ಬಾರದು. ಇದನ್ನು ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ. ಈ ಭಾನುವಾರ ನೀನು ಪ್ರಾರ್ಥನೆಗೆ ಎದ್ದು ನಿಲ್ಲುವ ಮೊದಲು ನಾನೇ ನಿಂತು ಓದುತ್ತೇನೆ — ಶಾಂತವ್ವನ ಎದುರಿಗೆ, ಎಲ್ಲರೆದುರಿಗೆ. ಕ್ಷಮಿಸು ಎಂಬ ಮಾತನ್ನು ಕೊನೆಗೆ ಬರೆದು, ಹೊಡೆದು ಹಾಕಿದೆ. ಅದನ್ನು ನಿನ್ನ ಬಳಿ ಮೊದಲು ಕೇಳುವ ಹಕ್ಕು ನನ್ನದಲ್ಲ. ಆ ಹಕ್ಕು ಇರುವ ಚನಮಲ್ಲಪ್ಪ ಇನ್ನೂ ಬದುಕಿದ್ದಾನೆ. ಅವನ ಮಾತು ಕೇಳಿ ಬಾ.