ಒಂದು ಗೇಣಿನ ಕೊಸರು

ನನ್ನನ್ನು ನೋಡಲು ಶಿಗ್ಗಾಂವಿಯಿಂದ ಗಂಡಿನ ಕಡೆಯವರು ಹಿರೇಕೆರೂರಿನ ನಮ್ಮ ಮನೆಗೆ ಬಂದಾಗ, ಹುಡುಗ ಗಾಲ್ಫ್ ಆಡುತ್ತಾನೆ ಎಂದು ಹೇಳಿದ್ದು ಹುಡುಗನ ಅಣ್ಣ. ಅಪ್ಪ ಉಪ್ಪಿಟ್ಟಿನ ತಾಟು ಅವರತ್ತ ಸರಿಸಿ ಕೇಳಿದರು.

"ಆಡೂದು ಆತ್ರಿ. ಕೆಲಸ ಏನ್ ಮಾಡ್ತಾರ?"

"ಅದಽ ಕೆಲಸರಿ."

"ಹಂಗಲ್ರಿ, ಹೊಟ್ಟಿಗೆ?"

"ಹೊಟ್ಟಿಗೂ ಅದಽ. ಉಪ್ಪಿಟ್ಟು ಚಲೋ ಆಗೇತ್ರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ನನಗೆ ಗಾಲ್ಫ್ ಎಂಬ ಶಬ್ದದ ಸ್ಪೆಲ್ಲಿಂಗ್ ಗೊತ್ತಿತ್ತು, ಆಟ ಗೊತ್ತಿರಲಿಲ್ಲ. ಆಟ ಗೊತ್ತಾದದ್ದು ಮದುವೆಯಾದ ಮೇಲೆ, ಅದೂ ಅಡುಗೆಮನೆಯ ಕಿಟಕಿಯಿಂದ.

ಮಾವನವರು ಸೈನ್ಯದಲ್ಲಿದ್ದವರು. ಹಿರಿಯ ಮಗನನ್ನು ಶಿಗ್ಗಾಂವಿಯಲ್ಲಿ ಅಜ್ಜನ ಬಳಿ ಬಿಟ್ಟು, ಕಿರಿಯವನನ್ನು ತಮ್ಮ ಜೊತೆ ಊರೂರು ಕರೆದೊಯ್ದರು. ಹಿರಿಯರು ಅಜ್ಜನ ಕಾಳಿನ ದಲಾಲಿ ಅಂಗಡಿಯಲ್ಲಿ ಬೆಳೆದರು. ಕಿರಿಯವರು, ಅಂದರೆ ನಮ್ಮವರು, ಸೈನ್ಯದ ಗಾಲ್ಫ್ ಮೈದಾನದ ಬೇಲಿಯ ಪಕ್ಕ ಬೆಳೆದರು. ಅಣ್ಣ ತಮ್ಮ ಒಂದೇ ಮನೆಯಲ್ಲಿ ಇರತೊಡಗಿದ್ದು ಇಬ್ಬರಿಗೂ ಮೀಸೆ ಬಂದ ಮೇಲೆ. ಅದಕ್ಕೇ ಇರಬೇಕು, ಭಾವನವರಿಗೆ ತಮ್ಮನೆಂದರೆ ತುಸು ಹೆಚ್ಚೇ ಮುದ್ದು.

ಗಾಲ್ಫನ್ನೇ ನಂಬಿ ಬದುಕುವವರ ಸಂಸಾರ ಹೇಗಿರುತ್ತದೆ ಎಂದು ಹೇಳುವುದು ಕಷ್ಟ. ಪಂದ್ಯ ನಾಲ್ಕು ದಿನದ್ದು, ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗಳಿಗೆ ಹಾಕಿದವರೇ ಮುಂದೆ. ಎರಡನೆಯ ದಿನದ ಸಂಜೆಗೆ ಹಿಂದುಳಿದವರನ್ನೆಲ್ಲ ಮನೆಗೆ ಕಳಿಸಿಬಿಡುತ್ತಾರೆ. ಹೀಗಾಗಿ ಗಂಡ ಬೇಗ ಬಂದರೆ ಮುಖ ಸಣ್ಣದು ಮಾಡುವ, ತಡವಾದಷ್ಟೂ ಹಿಗ್ಗುವ ಹೆಂಡತಿ ನಾನಾದೆ. ಹೆದ್ದಾರಿಯಲ್ಲಿ ಬಸ್ಸಿಳಿದು ಅವರು ಚೀಲ ಹೊತ್ತು ಬರುವುದನ್ನು ಕಂಡ ಓಣಿಯವರು, "ಲಗೂ ಬಂದ್ರಲ್ರಿ, ಚಲೋ ಆತು" ಎನ್ನುತ್ತಿದ್ದರು. ಅವರು "ಹೂಂನ್ರಿ" ಎಂದು ನಗುತ್ತಿದ್ದರು. ಒಂದೇ ಕೈಗೆ ಚರ್ಮದ ಕೈಗವಸು ಹಾಕಿ ಆಡುವುದರಿಂದ ಅವರ ಎಡಗೈ ಬೆಳ್ಳಗೆ, ಬಲಗೈ ಕಪ್ಪಗೆ. ಪೂಜೆಗೆ ಕೈ ಮುಗಿದಾಗ ಯಾರದೋ ಕೈಯನ್ನು ಎರವಲು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು.

ಊರಲ್ಲಿದ್ದಾಗ ಅವರ ಅಭ್ಯಾಸವೆಲ್ಲ ಹಿತ್ತಲಿನಲ್ಲಿ. ದೂರದ ಹೊಡೆತಗಳಿಗೆ ದುಂಡಸಿ ರಸ್ತೆಯ ನಮ್ಮ ಹೊಲ ಇತ್ತು, ಗೋವಿನಜೋಳ ಕೊಯ್ದಾದ ಮೇಲೆ ಮಾತ್ರ. ಆದರೆ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ಅಭ್ಯಾಸಕ್ಕೆ ಸೆಗಣಿಯಿಂದ ಸಾರಿಸಿದ ಹಿತ್ತಲೇ ಆಗಬೇಕು. ಅಲ್ಲಿ ಒಂದು ತುಪ್ಪದ ಡಬ್ಬಿಯನ್ನು ನೆಲಕ್ಕೆ ಸಮನಾಗಿ ಹೂತಿದ್ದರು. ಸಂಜೆ ಅಂಗಡಿ ಮುಚ್ಚಿ ಬಂದ ಭಾವನವರು ಚಹಾದ ಕಪ್ಪು ಹಿಡಿದು ಆ ಡಬ್ಬಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಚೆಂಡು ಡಬ್ಬಿಗೆ ಒಂದು ಗೇಣು ದೂರದಲ್ಲಿ ನಿಂತರೆ ಸಾಕು, ಎತ್ತಿ ತಮ್ಮನ ಕಡೆ ಎಸೆಯುತ್ತಿದ್ದರು.

"ಆತು ಬಿಡು. ಬಿದ್ದಂಗಽ."

"ಬಿದ್ದಿಲ್ಲಣ್ಣಾ."

"ಗೇಣಿನಾಗ ಬಂದದ್ದು ಬಂದಂಗಽ. ತೂಕ ಆದಮ್ಯಾಲೆ ಮಂದಿಗೆ ಬೊಗಸಿ ಕಾಳು ಕೊಸರು ಹಾಕ್ತೇವಿ, ತಮ್ಮಗ ಒಂದ್ ಗೇಣು ಹಾಕಬಾರದೇನು?"

ನಮ್ಮವರು ವಾದಿಸುತ್ತಿರಲಿಲ್ಲ. ಚೆಂಡು ಹಿಡಿದು ಮತ್ತೆ ಹಿಂದೆ ಹೋಗಿ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ನಲವತ್ತು ದಾಟಿದ ಮೇಲೆ ಅವರ ಆಟ ಇಳಿಯಿತು. ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗುಳಿದವರು ಮುಂದಿನ ವರ್ಷ ದೊಡ್ಡ ಪಂದ್ಯಗಳಲ್ಲಿ ಆಡಬೇಕಾದರೆ ಮತ್ತೆ ಅರ್ಹತೆಯ ಪಂದ್ಯ ಆಡಿ ಕಾರ್ಡು ಗಳಿಸಬೇಕು. ಕಾರ್ಡಿಲ್ಲದವರು ಮನೆಯಲ್ಲಿರಬೇಕು. ಹುಬ್ಬಳ್ಳಿ ಕಡೆಯ ಒಂದು ಕ್ಲಬ್ಬಿನವರು ಮಕ್ಕಳಿಗೆ ಕಲಿಸಲು ಕರೆಯುತ್ತಿದ್ದರು. "ಕಲಿಸೋದು ಆಡೋದು ಮುಗದ ಮ್ಯಾಲ," ಎನ್ನುತ್ತಿದ್ದರು ನಮ್ಮವರು.

ಒಂದು ವರ್ಷ ಇವರಿಗೂ ಆ ಅರ್ಹತೆಯ ಪಂದ್ಯ ಆಡಬೇಕಾಗಿ ಬಂತು, ಪುಣೆಯ ಹತ್ತಿರ. ನಮ್ಮನ್ನು ಕಾರಿನಲ್ಲಿ ಕರೆದೊಯ್ದವರು ಭಾವನವರು. ಕೊನೆಯ ದಿನ ಬೆಳಿಗ್ಗೆ, ಇವರ ಚೀಲ ಹೊರುವ ಕ್ಯಾಡಿ ಜ್ವರದಿಂದ ಏಳಲೇ ಇಲ್ಲ. ಬೇರೆಯವರನ್ನು ಹುಡುಕುವ ಮೊದಲೇ ಭಾವನವರು ಚೀಲ ಎತ್ತಿ ಹೆಗಲಿಗೇರಿಸಿದ್ದರು.

"ಏ, ಸಣ್ಣಾಂವಿದ್ದಾಗ ಶೇಂಗಾದ ಚೀಲ ಹೊತ್ತಾಂವ ನಾ. ಇದೇನಲೇ, ಕೂಸಿನಂಗೈತಿ."

ನಾನು ನೋಡುವವರಿಗೆಂದು ಕಟ್ಟಿದ ಹಗ್ಗದಾಚೆ ನಡೆದೆ. ಅಂದು ಇವರು ಆಡಿದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಕೊನೆಗೆ ಎರಡು ಕುಳಿ ಉಳಿದಾಗ ಕಾರ್ಡು ಸಿಗುವವರ ಸಾಲಿನ ಒಳಗೇ ಇದ್ದರು. ಅವೆರಡರಲ್ಲಿ ಮೊದಲನೆಯ ಕುಳಿಯಲ್ಲಿ ಇವರು ತಳ್ಳಿದ ಚೆಂಡು ದೂರದಿಂದ ಉರುಳಿ ಬಂದು, ಒಂದು ಗೇಣು ಈಚೆ ನಿಂತಿತು. ಇನ್ನೊಮ್ಮೆ ಮುಟ್ಟಿಸಿದ್ದರೆ ಬೀಳುತ್ತಿತ್ತು. ಇವರು ಹತ್ತಿರ ಬರುವಷ್ಟರಲ್ಲಿ ಭಾವನವರು ಬಗ್ಗಿ ಅದನ್ನು ಎತ್ತಿಕೊಂಡು, ಮುಖದ ತುಂಬ ನಗುತ್ತ ತಮ್ಮನ ಕೈಗೆ ಎಸೆದರು.

ಜೊತೆಗಿದ್ದ ಆಟಗಾರರು ನಿಂತಲ್ಲೇ ನಿಂತರು. ಎಲ್ಲಿತ್ತೆಂದು ಗುರುತಿಡದೆ ಚೆಂಡು ಎತ್ತಿದರೆ ಒಂದು ಹೊಡೆತದ ದಂಡ. ಕ್ಯಾಡಿ ಎತ್ತಿದರೂ ಅಷ್ಟೇ. ನಮ್ಮವರು ತೀರ್ಪುಗಾರರನ್ನು ಕರೆದು ಇಂಗ್ಲಿಷಿನಲ್ಲಿ ಸಣ್ಣ ದನಿಯಲ್ಲಿ ಮಾತಾಡಿದರು. ಚೆಂಡನ್ನು ಮರಳಿ ಅದೇ ಜಾಗದಲ್ಲಿಟ್ಟು, ಕುಳಿಗೆ ಹಾಕಿದರು.

"ಮತ್ಯಾಕ ಇಟ್ಟಿ?" ಎಂದರು ಭಾವನವರು.

"ಇಲ್ಲೆ ಪೂರಾ ಹಾಕಬೇಕಂತಣ್ಣಾ."

"ಭಾಳ ಜಿಪುಣರದಾರ ಬಿಡು ಇವ್ರು."

ಸಂಜೆ ಪಟ್ಟಿ ಹಾಕಿದರು. ಒಂದೇ ಒಂದು ಹೊಡೆತದಲ್ಲಿ ಕಾರ್ಡು ತಪ್ಪಿತ್ತು.

ಕಾರಿನಲ್ಲಿ ಮರಳುವಾಗ ಇವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಅಣ್ಣನಿಗೆ ಎಂದೂ ಹೇಳಕೂಡದು ಎಂದರು. ನಮ್ಮ ಮನೆಯಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷು ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಮಾತು ಮುಚ್ಚಿಡುವುದಕ್ಕೇ. ಗಾಡಿ ಓಡಿಸುತ್ತಿದ್ದ ಭಾವನವರು, "ಏನ್ ಗುಸುಗುಸು? ಹೋಗ್ಲಿ ಬಿಡ್ರಿ, ಒಂದರಾಗ ತಪ್ಪಿತು, ಏನ್ ಮಾಡಾಕ್ ಬರ್ತೈತಿ" ಎಂದು ನಮ್ಮನ್ನೇ ಸಮಾಧಾನ ಮಾಡಿದರು.

ಆ ವರ್ಷವೆಲ್ಲ ಅವರು ಅಂಗಡಿಗೆ, ಮನೆಗೆ ಬಂದವರಿಗೆಲ್ಲ ಆ ದಿನದ ಕತೆ ಹೇಳಿದರು. ಸವಣೂರಿನಿಂದ ಬಂದ ವ್ಯಾಪಾರಿಗಳಿಗೂ ಹೇಳಿದರು. ಚೀಲ ಹೊತ್ತದ್ದು, ಹುಲ್ಲು ಚಾದರ ಹಾಸಿದಂತಿದ್ದದ್ದು, ಚೆಂಡನ್ನು ತಾವೇ ಎತ್ತಿ ತಮ್ಮನ ಕೈಗೆ ಕೊಟ್ಟದ್ದು. ಮನೆಯಲ್ಲಿ ಕತೆ ಆ ಜಾಗಕ್ಕೆ ಬಂದಾಗಲೆಲ್ಲ ನಮ್ಮವರು ಎದ್ದು ನೀರು ಕುಡಿಯಲು ಒಳಗೆ ಬರುತ್ತಿದ್ದರು. ಬಾಯಾರಿಕೆ ಇರುತ್ತಿರಲಿಲ್ಲ, ಅರ್ಧ ಕುಡಿದು ಉಳಿದದ್ದನ್ನು ತುಳಸಿಗೆ ಸುರಿಯುತ್ತಿದ್ದರು.

ಮುಂದಿನ ವರ್ಷ ಕೊನೆಯದಾಗಿ ಒಮ್ಮೆ ಪ್ರಯತ್ನಿಸುವುದು, ಆಗದಿದ್ದರೆ ಕ್ಲಬ್ಬಿನವರಿಗೆ ಒಪ್ಪುವುದು ಎಂದು ಇವರು ನಿಶ್ಚಯಿಸಿದರು. ಭಾವನವರು ಕೇಳಿಯೇ ಕೇಳಿದರು, "ಚೀಲ ನಾನಽ ಹೊರ್ತೇನಿ. ಹೌದಲ್ಲೋ?"

ಬೇಡ ಎನ್ನಲು ಕಾರಣ ಹೇಳಬೇಕು. ಹೂಂ ಎಂದರೆ ಕಲಿಸಬೇಕು. ಇವರು ಜೇಬಿನಿಂದ ಒಂದು ರೂಪಾಯಿ ತೆಗೆದು ಹಿತ್ತಲಿನಲ್ಲಿದ್ದ ಚೆಂಡಿನ ಹಿಂದೆ ಇಟ್ಟರು.

"ಚೆಂಡು ಎತ್ತೂಕಿಂತ ಮೊದಲ ಹಿಂಗ ಇಡಬೇಕಣ್ಣಾ. ಇಡಲಾರ್ದ ಎತ್ತಿದ್ರ..."

"ಎತ್ತಿದ್ರ?"

"ಒಂದು ಹೊಡೆತ ದಂಡ."

ಭಾವನವರು ಲೆಕ್ಕದ ಮನುಷ್ಯ. ಅವರಿಗೆ ಬೇರೇನೂ ಹೇಳಬೇಕಾಗಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟು, ಒಳಗೆ ಹೋಗಿ ಮಲಗಿದರು. ಊಟಕ್ಕೆ ಏಳಲಿಲ್ಲ. ಮರುದಿನ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ಹೊಸ್ತಿಲಾಚೆ ನಿಂತು, ನನ್ನ ಮುಖ ನೋಡದೆ ಕೇಳಿದರು.

"ತಂಗಿ, ನಿನಗೂ ಗೊತ್ತಿತ್ತು?"

"ಹೂಂನ್ರಿ ಭಾವಾರ."

"ಇಂಗ್ಲಿಷ್ ಸಾಲಿ ಕಲತಾಕಿ ನೀ. ಆ ಆಟದ ಕಾಯ್ದೆ ಪುಸ್ತಕ ತಗದು ನನಗ ಕನ್ನಡದಾಗ ಹೇಳು. ಒಂದೂ ಬಿಡಬ್ಯಾಡ."

ಹೀಗೆ ಒಂದು ತಿಂಗಳು, ಮಧ್ಯಾಹ್ನದ ಊಟವಾದ ಮೇಲೆ ನಾನು ನಡುಮನೆಯಲ್ಲಿ ಕೂತು ಗಾಲ್ಫಿನ ನಿಯಮಗಳನ್ನು ಓದಿ ಹೇಳಿದೆ. ಪ್ರತಿಯೊಂದಕ್ಕೂ ಅವರ ತಕರಾರು. "ನೀರಾಗ ಬಿದ್ರೂ ದಂಡ? ಕೆರಿ ತೋಡಿಟ್ಟಾವ್ರು ಯಾರು, ಅವ್ರಽ ಅಲ್ಲ?"

ಎರಡನೆಯ ಸಲ ಪುಣೆಗೆ ಹೋದಾಗ ಭಾವನವರು ನಾಲ್ಕೂ ದಿನ ಚೀಲ ಹೊತ್ತರು. ಒಂದು ತಪ್ಪೂ ಮಾಡಲಿಲ್ಲ. ರೂಪಾಯಿಯನ್ನು ಎರಡೂ ಕೈಯಿಂದ, ದೇವರ ಮುಂದೆ ದೀಪವಿಡುವಷ್ಟು ನಿಧಾನವಾಗಿ ಇಡುತ್ತಿದ್ದರು. ಬೇಗ ನಡೆಯಿರಿ ಎಂದು ತೀರ್ಪುಗಾರರು ಎಚ್ಚರಿಸಬೇಕಾಯಿತು. ಆಟ ಕೈಕೊಟ್ಟದ್ದು ನಮ್ಮವರಿಗೇ. ಮಣಿಕಟ್ಟಿನ ನೋವು ಇತ್ತು, ಆದರೆ ನೋವಿನಿಂದಷ್ಟೇ ಅಲ್ಲ. ಕಾರ್ಡು ಸಿಗುವುದಿಲ್ಲವೆಂದು ಮೂರನೆಯ ದಿನಕ್ಕೇ ಗೊತ್ತಾಗಿತ್ತು. ಕೊನೆಯ ದಿನ ಪಟ್ಟಿಯಲ್ಲಿ ಅವರ ಹೆಸರು ಹುಡುಕಲು ತುಂಬ ಕೆಳಗೆ ಕಣ್ಣು ಹಾಯಿಸಬೇಕಾಯಿತು.

ಕಾರಿನ ಹಿಂದೆ ಚೀಲ ಇಟ್ಟ ಭಾವನವರು ಮುಚ್ಚಳ ಮುಚ್ಚದೆ ನಿಂತರು. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ.

"ತಮ್ಮಾ, ಎಷ್ಟರಾಗ ತಪ್ಪಿತು?"

"ಹತ್ತರ ಮ್ಯಾಲ ಐತಣ್ಣಾ."

"ಅದರಾಗ ನಂದು?"

"ಇಲ್ಲಣ್ಣಾ."

"ಒಂದೂ? ಸುಳ್ಳ ಹೇಳಬ್ಯಾಡ, ಈಗ ನನಗ ಕಾಯ್ದೆ ಬರ್ತೈತಿ."

"ಒಂದೂ ಇಲ್ಲ. ಪೂರಾ ನಂದಽ," ಎಂದರು ನಮ್ಮವರು. ಅಷ್ಟು ಹಗುರಾಗಿ ಅವರು ಮಾತಾಡಿದ್ದನ್ನು ನಾನು ಒಂದು ವರ್ಷದಿಂದ ಕೇಳಿರಲಿಲ್ಲ. ಎಡಗೈಯ ಕೈಗವಸು ಬಿಚ್ಚಿ, ಮಡಚಿ, ಚೀಲದೊಳಗೆ ಹಾಕಿದರು. ಆಮೇಲೆ ಫೋನು ತೆಗೆದು ಹುಬ್ಬಳ್ಳಿಯ ಕ್ಲಬ್ಬಿನವರಿಗೆ, ಸೋಮವಾರದಿಂದ ಬರುತ್ತೇನೆ ಎಂದು ಹೇಳಿದರು.

ಭಾವನವರು ಮಾತು ಮುಗಿಯುವವರೆಗೆ ಕಾದರು. ನಂತರ ಮುಚ್ಚಳ ಹಾಕಿ, "ನಡೀರಿ, ದಾರ್ಯಾಗ ಎಲ್ಲ್ಯರ ಉಣ್ಣೂನು" ಎಂದರು.